ಅಮ್ಮನ ಪಾಡಿಗೆ ಅಮ್ಮ

ಕಳೆದ ಗೌರಿ-ಗಣೇಶ ಹಬ್ಬಕ್ಕೆ ಅಣ್ಣ ಬೆಂಗಳೂರಿಂದ ಬಂದಾಗ ತೊಡೆ ಮೇಲೆ ಒಂದು ದೊಡ್ಡ ಬಾಕ್ಸ್ ಇಟ್ಟುಕೊಂಡೇ ಬಂದಿದ್ದ. ಹಿರಿಯೂರಲ್ಲಿ ಬಸ್ ಬದಲಾಯಿಸುವಾಗಲೂ ಅದನ್ನು ಡಿಕ್ಕಿಗೆ ಹಾಕೋಕೆ ಬಿಡಲಿಲ್ಲವಂತೆ. ಹೊಸದುರ್ಗದ ಬಸ್‌ಸ್ಟ್ಯಾಂಡಿಗೆ ಬೈಕ್ ತಗೊಂಡು ಹೋಗಿದ್ದ ನನಗೆ ಅವನು ಹೇಳಿದ ಮೊದಲ ಮಾತು, "ಹಂಪ್ ಬಂದಾಗ ನಿಧಾನ ಕಣೋ."

ಬಾಕ್ಸ್ ಒಳಗಿದ್ದಿದ್ದು ಕಾಫಿ ಮಷಿನ್. ಜೊತೆಗೆ ಹತ್ತು ಹತ್ತರ ನಾಲ್ಕು ಡಬ್ಬಿ, ಒಟ್ಟು ನಲವತ್ತು ಪಾಡ್. ಪಾಡ್ ಅಂದ್ರೆ ನಮ್ಮ ಹೆಬ್ಬೆರಳಿನ ಗಾತ್ರದ ಅಲ್ಯೂಮಿನಿಯಂ ಬಟ್ಟಲು, ಅದರೊಳಗೆ ಒಂದು ಸಲಕ್ಕೆ ಆಗುವಷ್ಟು ಕಾಫಿಪುಡಿ, ಮೇಲೆ ಸೀಲು. ಮಷಿನ್‌ಗೆ ನೀರು ಹಾಕಿ, ಪಾಡ್ ಇಟ್ಟು, ಬಟನ್ ಒತ್ತಿದರೆ ಮುಗೀತು. ಒಂದು ನಿಮಿಷಕ್ಕೆ ಕಾಫಿ.

"ಏನದು? ಪಾಡಾ? ಯಾರ ಪಾಡೋ?" ಅಂತ ಅಜ್ಜಿ ಕೇಳಿದ್ಲು. ಎಲ್ಲರೂ ನಕ್ಕೆವು. ಆ ಪ್ರಶ್ನೆ ಅಷ್ಟು ಸರಿಯಾಗಿತ್ತು ಅಂತ ನನಗೆ ಆಗ ಗೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕದ ಪ್ಲಗ್ಗಿಗೆ ಮಷಿನ್ ಹಾಕಿದ್ವಿ. ಮನೆಯವರೆಲ್ಲ ಸುತ್ತ ನಿಂತಿದ್ರು. ಗುರ್ ಅಂತ ಸದ್ದಾಗಿ ಸಣ್ಣಗೆ ಕಾಫಿ ಇಳಿಯಿತು. ಮೇಲೆ ಬಂಗಾರದ ಬಣ್ಣದ ನೊರೆ. ಅಪ್ಪ ಲೋಟ ಎತ್ತಿ ನೋಡಿ "ಇಷ್ಟೇನಾ?" ಅಂದ್ರು. ನಿಜ, 40 ಎಂಎಲ್ ಅಷ್ಟೇ. ನಮ್ಮ ಮನೆ ಸ್ಟೀಲ್ ಲೋಟದ ತಳ ಮುಚ್ಚಿತ್ತು. "ಇದು ಡಿಕಾಕ್ಷನ್ ಅಪ್ಪ, ಹಾಲು ನಾವೇ ಹಾಕ್ಕೋಬೇಕು" ಅಂದ ಅಣ್ಣ. ಅಮ್ಮ ಗ್ಯಾಸ್ ಹಚ್ಚಿ ಹಾಲು ಇಟ್ಟಳು. "ಹೆಂಗೂ ಒಲೆ ಹಚ್ಲೇಬೇಕಲ್ಲ, ಮತ್ತೆ ಇದ್ಯಾತಕ್ಕೆ?" ಅಂತ ಅಪ್ಪ ಕೇಳಿದ್ದಕ್ಕೆ ಅಣ್ಣನ ಹತ್ರ ಉತ್ತರ ಇರಲಿಲ್ಲ.

ಅವನು ಅದನ್ನು ತಂದಿದ್ದಕ್ಕೆ ಕಾರಣ ಇತ್ತು. ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂಕಾಲಿಗೆ ಅಡುಗೆಮನೆ ಲೈಟ್ ಹತ್ತುತ್ತೆ. ಅಮ್ಮ ಫಿಲ್ಟರ್‌ಗೆ ಪುಡಿ ಹಾಕಿ, ತೂತಿನ ಬಿಲ್ಲೆ ಒತ್ತಿ, ಕುದಿಯೋ ನೀರು ಸುರಿದು ಮುಚ್ಚಳ ಹಾಕ್ತಾಳೆ. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯೋಕೆ ಅರ್ಧ ಗಂಟೆ. ಅಷ್ಟರಲ್ಲಿ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡ್ತಾಳೆ. ಆರು ಗಂಟೆಗೆ ಅಜ್ಜಿಗೆ ಸಕ್ಕರೆ ಇಲ್ಲದ್ದು, ಅಪ್ಪನಿಗೆ ಸ್ಟ್ರಾಂಗು, ನನಗೆ ಹಾಲು ಜಾಸ್ತಿ. ಮೊದಲ ಸಂಬಳದಿಂದ ಅಲ್ಲದಿದ್ದರೂ ಮೊದಲ ಬೋನಸ್ಸಿನಿಂದ ಅಮ್ಮನ ಆ ಐದೂಕಾಲನ್ನು ಆರೂಕಾಲು ಮಾಡಬೇಕು ಅನ್ನೋದು ಅಣ್ಣನ ಆಸೆ. ಅದಕ್ಕೆ 11,000 ರೂಪಾಯಿ ಕೊಟ್ಟಿದ್ದ.

ಹಬ್ಬದ ವಾರದಲ್ಲಿ ಬಂದ ನೆಂಟರಿಗೆಲ್ಲ ಮಷಿನ್ ಕಾಫಿ ಆಯ್ತು. 23 ಪಾಡ್ ಖಾಲಿ. ನೆಂಟರು ಹೋದ ಮೇಲೆ ಅಮ್ಮ ಮತ್ತೆ ಐದೂಕಾಲಿಗೆ ಎದ್ದು ಫಿಲ್ಟರ್‌ಗೆ ಪುಡಿ ಹಾಕಿದಳು. ಅಜ್ಜಿಗೆ ಮಷಿನ್ ಕಾಫಿಯಲ್ಲಿ ಚಿಕೋರಿ ಇಲ್ಲದೆ ರುಚಿಯೇ ಇಲ್ಲ. ಅಪ್ಪನಿಗೆ ಅದು "ಔಷಧಿ ಲೋಟ".

ನಾನು ಎಂಜಿನಿಯರಿಂಗ್ ವಿದ್ಯಾರ್ಥಿ ಅಲ್ವಾ, ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮಾಡಿದೆ.

ನಮ್ಮ ಮನೆಗೆ ಬರೋ ಚಿಕೋರಿ ಬೆರೆಸಿದ ಪುಡಿ ಕೆ.ಜಿ.ಗೆ 800 ರೂಪಾಯಿ. (ಪ್ಯಾಕೆಟ್ ಮೇಲೆ ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆದಿರಬೇಕು, ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರೋ ಹಾಗಿಲ್ಲ ಅನ್ನೋದು ಕಾನೂನು.) ಒಂದು ಲೋಟಕ್ಕೆ 8 ಗ್ರಾಂ ಅಂದ್ರೆ 6 ರೂಪಾಯಿ 40 ಪೈಸೆ. ಹಾಲು 80 ಎಂಎಲ್, ಲೀಟರಿಗೆ 46ರ ಲೆಕ್ಕದಲ್ಲಿ 3 ರೂಪಾಯಿ 70 ಪೈಸೆ. ಸಕ್ಕರೆ, ಗ್ಯಾಸ್ ಎರಡೂ ಸೇರಿ ಒಂದು ರೂಪಾಯಿಯ ಒಳಗೆ. ಒಟ್ಟು 11 ರೂಪಾಯಿ.

ಪಾಡ್ ಕಡೆ ಬನ್ನಿ. ಹತ್ತರ ಡಬ್ಬಿಗೆ 450, ಒಂದಕ್ಕೆ 45 ರೂಪಾಯಿ. ಒಳಗಿರೋ ಪುಡಿ 5.5 ಗ್ರಾಂ. ಅಂದ್ರೆ ಕೆ.ಜಿ.ಗೆ 8,000 ರೂಪಾಯಿ ದಾಟುತ್ತೆ! ಡಬ್ಬಿ ಮೇಲೆ ಹೆಮ್ಮೆಯಿಂದ ಬರೆದಿದ್ದು "ಚಿಕ್ಕಮಗಳೂರು ಅರೇಬಿಕಾ" ಅಂತ. ಚಿಕ್ಕಮಗಳೂರು ಜಿಲ್ಲೆ ನಮ್ಮ ತಾಲ್ಲೂಕಿನ ಗಡಿಗೇ ಅಂಟಿಕೊಂಡಿದೆ. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ನೆಟ್ಟರು ಅಂತ ಕಥೆ ಹೇಳೋ ಗಿರಿ ಅಲ್ಲೇ ಇರೋದು. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯೋದು ಕರ್ನಾಟಕದಲ್ಲೇ. ಪಕ್ಕದ ಮನೆಯ ಬೀಜ ಊರೆಲ್ಲ ಸುತ್ತಿ, ಬೆಳ್ಳಿ ಬಣ್ಣದ ಅಂಗಿ ಹಾಕ್ಕೊಂಡು, ಹತ್ತು ಪಟ್ಟು ಬೆಲೆ ಹೊತ್ತು ನಮ್ಮ ಮನೆಗೆ ನೆಂಟರ ಹಾಗೆ ಬಂದಿತ್ತು.

ಮಷಿನ್ ಮೂರು ವರ್ಷ ಬಾಳಿಕೆ, ದಿನಕ್ಕೆ ಎಂಟು ಲೋಟ ಅಂತ ಹಿಡಿದರೆ ಲೋಟಕ್ಕೆ ಒಂದೂಕಾಲು ರೂಪಾಯಿ. ಕರೆಂಟು 20 ಪೈಸೆ. ಹಾಲು, ಸಕ್ಕರೆ, ಗ್ಯಾಸ್ ಇದ್ದೇ ಇದೆ. ಒಟ್ಟು 51 ರೂಪಾಯಿ. ನಾಲ್ಕು ಜನ, ದಿನಕ್ಕೆ ಎರಡು ಸಲ, ತಿಂಗಳಿಗೆ 240 ಲೋಟ. ಫಿಲ್ಟರ್ ಆದರೆ 2,640. ಪಾಡ್ ಆದರೆ 12,240. ವ್ಯತ್ಯಾಸ 9,600 ರೂಪಾಯಿ, ಅಪ್ಪನ ಅಂಗಡಿ ಬಾಡಿಗೆಗಿಂತ ಜಾಸ್ತಿ.

ಈ ಲೆಕ್ಕ ಹಾಕುವಾಗ ಪಾಡ್ ಚರಿತ್ರೆಯನ್ನೂ ಓದಿದೆ. ನೆಸ್ಲೆ ಕಂಪನಿಯ ಎರಿಕ್ ಫಾವ್ರ್ ಅನ್ನೋ ಎಂಜಿನಿಯರ್ ಇದರ ಮೂಲ ಐಡಿಯಾ ಕೊಟ್ಟವರು. 1986ರಲ್ಲಿ ನೆಸ್ಪ್ರೆಸೊ ಹೆಸರಲ್ಲಿ ವ್ಯಾಪಾರ ಶುರುವಾಯ್ತು. ಪ್ರಿಂಟರ್ ಅಗ್ಗ, ಇಂಕ್ ದುಬಾರಿ ಅಂತಾರಲ್ಲ, ಅದೇ ಸೂತ್ರ: ಮಷಿನ್ ಒಂದು ಸಲ, ಪಾಡ್ ಜೀವನಪೂರ್ತಿ. ಅಮೆರಿಕದಲ್ಲಿ ಕೆ-ಕಪ್ ಅನ್ನೋ ಪ್ಲಾಸ್ಟಿಕ್ ಪಾಡ್ ಕಂಡುಹಿಡಿದ ಜಾನ್ ಸಿಲ್ವನ್, ಯಾಕಾದ್ರೂ ಮಾಡಿದೆನೋ ಅಂತ ಒಮ್ಮೊಮ್ಮೆ ಬೇಜಾರಾಗುತ್ತೆ ಅಂತ 2015ರಲ್ಲಿ ಪತ್ರಿಕೆಗೆ ಹೇಳಿದ್ರು. ಅಷ್ಟು ಕಸ. ಜರ್ಮನಿಯ ಹ್ಯಾಂಬರ್ಗ್ ನಗರ 2016ರಲ್ಲಿ ಸರ್ಕಾರಿ ದುಡ್ಡಲ್ಲಿ ಪಾಡ್ ಕೊಳ್ಳೋದನ್ನೇ ನಿಲ್ಲಿಸಿತು.

ಇನ್ನೊಂದು ವಿಷಯ ನನಗೆ ಖುಷಿ ಕೊಟ್ಟಿತು. ಎಸ್ಪ್ರೆಸೊಗೆ ಬೇಕಾದ ಒತ್ತಡ 9 ಬಾರ್. ಒಂದು ಬಾರ್ ಅಂದ್ರೆ ಹೆಚ್ಚುಕಮ್ಮಿ ಹತ್ತು ಮೀಟರ್ ನೀರಿನ ಭಾರ. ನಮ್ಮ ಮಾರಿ ಕಣಿವೆ, ಅಂದ್ರೆ ವಾಣಿ ವಿಲಾಸ ಸಾಗರ, ಪೂರ್ತಿ ತುಂಬಿದಾಗ 130 ಅಡಿ. ಅಷ್ಟು ಆಳದ ತಳದಲ್ಲಿ ಒತ್ತಡ ಸುಮಾರು 4 ಬಾರ್. ಅದರ ಎರಡು ಪಟ್ಟಿಗಿಂತ ಜಾಸ್ತಿ ಒತ್ತಡವನ್ನು ಆ ಪುಟ್ಟ ಮಷಿನ್ ಹೆಬ್ಬೆರಳು ಗಾತ್ರದ ಬಟ್ಟಲೊಳಗೆ ತುಂಬುತ್ತೆ. ಅಮ್ಮನ ಫಿಲ್ಟರ್‌ನಲ್ಲಿರೋ ಒತ್ತಡ ಬರೀ ನಾಲ್ಕು ಬೆರಳು ನೀರಿನದ್ದು. ಅದಕ್ಕೇ ಅಲ್ಲಿ ಅರ್ಧ ಗಂಟೆ, ಇಲ್ಲಿ ಅರ್ಧ ನಿಮಿಷ.

ಇಷ್ಟೆಲ್ಲ ತಿಳಿದುಕೊಂಡ ಹೆಮ್ಮೆಯಲ್ಲಿ ಶೀಟ್‌ನ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಹಾಕಿದೆ. "ಅಣ್ಣನ ಗಿಫ್ಟ್: ತಿಂಗಳಿಗೆ 9,600 ರೂ. ಲಾಸ್" ಅಂತ ಬರೆದು ಪಕ್ಕದಲ್ಲಿ ನಗೋ ಇಮೋಜಿ. ಹೊಳಲ್ಕೆರೆಯ ಚಿಕ್ಕಪ್ಪ ನಕ್ಕರು. ಹಿರಿಯೂರಿನ ಮಾವ ಥಂಬ್ಸಪ್ ಹಾಕಿದ್ರು. ಅಪ್ಪ ಗ್ರೂಪಲ್ಲಿ ಏನೂ ಬರೆಯಲಿಲ್ಲ, ರಾತ್ರಿ ಊಟಕ್ಕೆ ಕೂತಾಗ ಹೇಳಿದ್ರು: "ಇರೋದು ಮುಗೀಲಿ. ಮತ್ತೆ ತರಿಸೋದು ಬೇಡ." ಅಮ್ಮ ಅಪ್ಪನ ತಟ್ಟೆಗೆ ಸಾರು ಬಡಿಸ್ತಿದ್ದಳು. ಏನೂ ಹೇಳಲಿಲ್ಲ.

ಅಣ್ಣನ ಬ್ಲೂ ಟಿಕ್ ಬಂದಿತ್ತು, ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿದಾಗ ಅವನು ಹೇಳಿದ್ದು ಒಂದೇ ಮಾತು. "ನಿಂಗೆ ಲೆಕ್ಕ ಚೆನ್ನಾಗಿ ಬರುತ್ತೆ ಬಿಡೋ."

ಆಮೇಲೆ ನಾನು ಚಿತ್ರದುರ್ಗಕ್ಕೆ, ಹಾಸ್ಟೆಲ್‌ಗೆ ವಾಪಸ್ ಬಂದೆ. ನಮ್ಮ ಹಾಸ್ಟೆಲ್ ಕಾಫಿ ಬಗ್ಗೆ ಇಲ್ಲಿ ಓದುವವರಿಗೆ ಹೇಳಬೇಕಾಗಿಲ್ಲ. ಮೆಸ್ ಕಾಫಿ ಮುಗಿದ ಮೇಲೆ ನಮ್ಮ ಗತಿ ಎರಡು ರೂಪಾಯಿ ಸ್ಯಾಶೆ. ಮಾಲೆ ಹಾಗೆ ನೇತಾಡೋ ಸ್ಯಾಶೆಯಿಂದ ಒಂದನ್ನು ಹರಿದು, ಯಾರದ್ದೋ ಕದ್ದುಮುಚ್ಚಿ ಇಟ್ಟ ಕೆಟಲ್‌ನಲ್ಲಿ ನೀರು ಕಾಯಿಸಿ ಕುಡಿಯೋದು. ಒಂದು ರಾತ್ರಿ ಹಾಗೆ ಹರಿಯುವಾಗ ಹೊಳೆಯಿತು, ಇದೂ ಪಾಡೇ ಅಲ್ವಾ? ಒಬ್ಬರಿಗೆ, ಒಂದು ಸಲಕ್ಕೆ, ಒಂದು ಲೋಟ. ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮ್ಮ ಅಜ್ಜಿಯ ಊರಿದೆ. ಅಲ್ಲಿ ಮನೆಗೆ ಯಾರಾದ್ರೂ ಬಂದ್ರೆ ಈಗಲೂ ಹುಡುಗರ ಕೈಗೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಓಡಿಸ್ತಾರೆ. ಎಷ್ಟು ಜನವೋ ಅಷ್ಟು ಸ್ಯಾಶೆ. ಪುಡಿ ಡಬ್ಬಿ ತಂದಿಟ್ಟರೆ ಗಂಟು ಕಟ್ಟುತ್ತೆ, ದುಡ್ಡೂ ಒಟ್ಟಿಗೆ ಬೇಕು. ಬಡವರ ಮನೆಯ ಪಾಡ್ ಎರಡು ರೂಪಾಯಿ, ಬೆಂಗಳೂರಿನ ಪಾಡ್ 45. ಆದರೆ ಒಂದು ವ್ಯತ್ಯಾಸ ಇದೆ. ಊರಲ್ಲಿ ಐದು ಸ್ಯಾಶೆ ತಂದರೆ ಅದು ಬಂದವರಿಗೆ. ಮನೆ ಹೆಂಗಸು ತನಗೆ ಅಂತ ಆರನೆಯದು ತರಿಸಿದ್ದನ್ನ ನಾನು ನೋಡಿಲ್ಲ.

ಇದನ್ನ ಈಗ ಬರೀತಿದ್ದೀನಿ, ಆಗ ಯೋಚನೆ ಅಲ್ಲಿವರೆಗೆ ಹೋಗಿರಲಿಲ್ಲ.

ದಸರಾ ಕಳೆದು ಒಂದು ಶನಿವಾರ ಮನೆಗೆ ಹೋದಾಗ ಎರಡು ವಿಷಯ ಕಂಡವು. ಒಂದು, ಡಬ್ಬಿಯಲ್ಲಿ ಹದಿನೇಳಿದ್ದ ಪಾಡ್ ಹನ್ನೊಂದಾಗಿತ್ತು. ಇನ್ನೊಂದು, ಮಷಿನ್ ಕೆಳಗೆ ನಾಲ್ಕು ಮಡಿಕೆ ಮಾಡಿದ ಹಳೇ ಟವೆಲ್. ನೀರು ಸೋರುತ್ತೇನೋ ಅಂದುಕೊಂಡೆ. ಮಷಿನ್‌ನ ಕಿತ್ತಳೆ ಬಣ್ಣದ ಲೈಟೂ ಹತ್ತಿತ್ತು. ಒಳಗೆ ಉಪ್ಪು ಕಟ್ಟಿದೆ, ತೊಳೆಯಿರಿ ಅಂತ ಅದರ ಅರ್ಥ. ನಮ್ಮ ಕಡೆ ಬೋರ್ ನೀರು ಗೊತ್ತಲ್ಲ, ಬಕೆಟ್‌ಗೆ ಹಿಡಿದರೆ ಬಕೆಟ್ಟೇ ಬೆಳ್ಳಗಾಗುತ್ತೆ. ಹೊರದೇಶದಲ್ಲಿ ಮಷಿನ್ ಡಿಸೈನ್ ಮಾಡಿದವರಿಗೆ ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ಗೊತ್ತಿರೋಕೆ ಸಾಧ್ಯವಿಲ್ಲ. ನಿಂಬೆಹುಳಿ ಪುಡಿ ಹಾಕಿ ತೊಳೆದು, ಇನ್ಮುಂದೆ ಇದಕ್ಕೆ ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಹಾಕಬೇಕು ಅಂತ ಅಮ್ಮನಿಗೆ ಹೇಳಿದೆ. "ಯಾರು ಬಳಸ್ತಾರೆ ಬಿಡು" ಅಂದಳು. ಹಾಗಾದರೆ ಆರು ಪಾಡ್ ಎಲ್ಲಿ ಹೋದವು ಅಂತ ನಾನು ಕೇಳಲಿಲ್ಲ. ನೆಂಟರು ಬಂದಿರಬಹುದು ಅಂದುಕೊಂಡೆ.

ನವೆಂಬರ್‌ನಲ್ಲಿ ಇಂಟರ್ನಲ್ಸ್ ಮುಗಿದು ಒಂದು ಬುಧವಾರ ಹೇಳದೆ ಕೇಳದೆ ಮನೆಗೆ ಹೊರಟೆ. ಹೊಳಲ್ಕೆರೆಯಲ್ಲಿ ಬಸ್ ಹತ್ತು ನಿಮಿಷ ನಿಂತಿತು. ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮುಂದಿನ ಬಾಗಿಲು ಹಾಕಿತ್ತು. ಆ ಹೊತ್ತಿಗೆ ಅಪ್ಪ ಊಟ ಮುಗಿಸಿ ಒಂದು ಗಂಟೆ ಮಲಗ್ತಾರೆ, ಅಜ್ಜಿಯೂ ಮಲಗಿರ್ತಾಳೆ. ಎಬ್ಬಿಸೋದು ಬೇಡ ಅಂತ ಹಿತ್ತಲ ಕಡೆಯಿಂದ ಹೋದೆ.

ಹಿತ್ತಲ ಮೆಟ್ಟಿಲ ಮೇಲೆ ಅಮ್ಮ ಕೂತಿದ್ದಳು. ಕೈಯಲ್ಲಿ ಸಣ್ಣ ಲೋಟ. ಎದುರಿಗೆ ಕರಿಬೇವಿನ ಗಿಡ. ಫೋನ್ ಇಲ್ಲ, ಸೊಪ್ಪು ಬಿಡಿಸೋ ಮೊರ ಇಲ್ಲ, ಏನೂ ಇಲ್ಲ. ಸುಮ್ಮನೆ ಕೂತು ಕಾಫಿ ಕುಡೀತಿದ್ದಳು. ಅಮ್ಮ ಹಾಗೆ ಕೂತಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿದ ನೆನಪಿಲ್ಲ. ತನ್ನ ಪಾಡಿಗೆ ತಾನು.

ನನ್ನ ನೋಡಿದ ಕೂಡಲೇ ಲೋಟ ಪಕ್ಕಕ್ಕೆ ಸರಿಸಿ ಎದ್ದಳು. "ಊಟ ಮಾಡಿದ್ಯಾ? ಇರು, ಅನ್ನ ಬಿಸಿ ಮಾಡ್ತೀನಿ." ತಪ್ಪು ಮಾಡುವಾಗ ಸಿಕ್ಕಿಬಿದ್ದ ಹಾಗಿತ್ತು ಅವಳ ಮುಖ. ನನಗೆ ಅದೇ ಸಂಕಟವಾಯ್ತು. ನಮ್ಮಮ್ಮ ನನ್ನ ಎದುರಿಗೆ ಯಾಕೆ ಹೆದರಬೇಕು? ಅವಳ ಮನೆಯಲ್ಲಿ, ಅವಳ ಮಗ ಕೊಟ್ಟಿದ್ದ ಕಾಫಿ ಕುಡಿಯೋಕೆ?

ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ನನ್ನ ಎಕ್ಸೆಲ್ ಶೀಟಿಂದ.

"ಊಟ ಆಗಿದೆ, ನೀನು ಕುಡಿ" ಅಂತ ಪಕ್ಕದಲ್ಲಿ ಕೂತೆ. ಲೋಟದಲ್ಲಿದ್ದಿದ್ದು ಹಾಲಿಲ್ಲದ ಕಾಫಿ. "ಹಾಲು ಬೇಡ್ವಾ?" ಅಂದೆ.

"ಹಾಲಿಗೆ ಒಲೆ ಹಚ್ಬೇಕು. ಒಲೆ ಸದ್ದು ಕೇಳಿದ್ರೆ ಅಜ್ಜಿ ಎದ್ದು ನಂಗೂ ಸ್ವಲ್ಪ ಅಂತಾರೆ. ಅಜ್ಜಿಗೆ ಕೊಡುವಾಗ ನಿಮ್ಮಪ್ಪ ಏಳ್ತಾರೆ. ಆಮೇಲೆ ಅದು ನನ್ ಕಾಫಿ ಅಲ್ಲ, ಸಂಜೆ ಕಾಫಿ ಕೆಲಸ. ಇದ್ರಲ್ಲಿ ಒಂದೇ ಲೋಟ ಬರೋದು ಕಣೋ. ಕಹಿ ಅಭ್ಯಾಸ ಆಗೈತೆ."

ಟವೆಲ್ ಯಾಕೆ ಅಂತ ಆಗ ಅರ್ಥವಾಯ್ತು. ಮಷಿನ್ ಗುರ್ ಅನ್ನೋ ಸದ್ದು ಒಳಗಿನ ಕೋಣೆಗೆ ಕೇಳಬಾರದು ಅಂತ.

ಖಾಲಿ ಪಾಡ್‌ಗಳನ್ನು ಗೋಧಿಹಿಟ್ಟಿನ ಹಳೇ ಕವರಿನಲ್ಲಿ ಕಟ್ಟಿ, ಬಚ್ಚಲೊಲೆಯ ಸೌದೆ ಹಿಂದೆ ಇಟ್ಟಿದ್ದಳು. ಕಸದ ಗಾಡಿಗೆ ಹಾಕಿದರೆ ಅಪ್ಪ ನೋಡ್ತಾರೆ. ಗುಜರಿಯವನಿಗೆ ಕೊಡೋಕೆ ಹೋದರೆ ಅವನು ಒಂದನ್ನು ಅಲುಗಾಡಿಸಿ ನೋಡಿ, "ಒಳಗೆ ಗಸಿ ಐತೆ ಅಮ್ಮ, ತೊಳ್ದು ಕೊಡಿ" ಅಂದನಂತೆ. ಹ್ಯಾಂಬರ್ಗ್ ನಗರಸಭೆ ಒಂದು ಆದೇಶದಲ್ಲಿ ಹೇಳಿದ್ದನ್ನೇ ನಮ್ಮ ಬೀದಿ ಗುಜರಿಯವನು ಒಂದು ಮಾತಲ್ಲಿ ಹೇಳಿದ್ದ. ಆ ಕಸದ ಲೆಕ್ಕ ಸುಳ್ಳಲ್ಲ. ನಾನು ಕವರ್ ಬಿಚ್ಚಿ, ಒಂದೊಂದರ ಸೀಲು ಕತ್ತರಿಸಿ, ಗಸಿಯನ್ನು ಕರಿಬೇವಿನ ಗಿಡಕ್ಕೆ ಹಾಕಿ, ಬಟ್ಟಲುಗಳನ್ನು ತೊಳೆದಿಟ್ಟೆ. ಒಂದಕ್ಕೆ ಒಂದು ನಿಮಿಷ ಹಿಡಿಯಿತು. ಅಂದ್ರೆ ಪಾಡ್ ಉಳಿಸೋ ಟೈಮು ಎಲ್ಲೂ ಹೋಗಲ್ಲ, ಯಾರೋ ಒಬ್ಬರು ಆಮೇಲೆ ಕೊಡಲೇಬೇಕು.

ತೊಳೀತಾ ಕೂತಾಗ 2022ರ ಒಂದು ದಿನ ನೆನಪಾಯ್ತು. ಮಾರಿ ಕಣಿವೆ ಕೋಡಿ ಬಿದ್ದ ಸಮಯ. 1933ರ ನಂತರ ಮೊದಲ ಸಲ, 89 ವರ್ಷ ಆದ ಮೇಲೆ ನೀರು ಹೊರಗೆ ಹರಿದಿತ್ತು. ಅಮ್ಮನ ತವರು ಹಿರಿಯೂರು. ಚಿಕ್ಕವಳಿದ್ದಾಗಿಂದ ಆ ಡ್ಯಾಂ ನೋಡಿಕೊಂಡು ಬೆಳೆದವಳು, ಒಂದು ಸಲವೂ ಕೋಡಿ ನೋಡಿರಲಿಲ್ಲ. ಅವಳ ತಂದೆಯೂ ನೋಡಲಿಲ್ಲ. ಎರಡೂ ಕಡೆಯವರು ಸೇರಿ ಹದಿನಾಲ್ಕು ಜನ ಹೊರಟೆವು. ಅಮ್ಮ ರಾತ್ರಿ ಮೂರಕ್ಕೆ ಎದ್ದು ಚಿತ್ರಾನ್ನ ಕಟ್ಟಿ, ಎರಡು ಫ್ಲಾಸ್ಕ್ ಕಾಫಿ ತುಂಬಿದ್ದಳು. ಅಲ್ಲಿ ಎಷ್ಟು ಜನ ಅಂದ್ರೆ ಜಾತ್ರೆಯೇ. ಕೋಡಿ ನೀರು ನೋಡ್ತಾ ಎಲ್ಲರಿಗೂ ಅಮ್ಮ ಪೇಪರ್ ಕಪ್‌ನಲ್ಲಿ ಕಾಫಿ ಕೊಟ್ಟಳು. ನನ್ನ ಹತ್ರ ಆ ದಿನದ ಫೋಟೋ ಇದೆ. ಎಲ್ಲರ ಕೈಯಲ್ಲೂ ಕಪ್. ಅಮ್ಮನ ಕೈಯಲ್ಲಿ ಫ್ಲಾಸ್ಕ್‌ನ ಮುಚ್ಚಳ, ಅದೂ ಖಾಲಿ. ಅವತ್ತು ರಾತ್ರಿ ಮನೆಗೆ ಬಂದು "ನಂಗೆ ಕಾಫಿನೇ ಸಿಗ್ಲಿಲ್ಲ ನೋಡು" ಅಂತ ನಗ್ತಾ ಹೇಳಿದ್ದಳು. ನಾವೂ ನಕ್ಕಿದ್ವಿ.

ಸಮಸ್ಯೆ ಕಂಡರೆ ಪರಿಹಾರ ಹುಡುಕೋದು ನಮ್ಮ ಬ್ರಾಂಚಿನ ಚಟ. ಮೊದಲು ಆನ್‌ಲೈನ್‌ನಲ್ಲಿ ಮತ್ತೆ ಮತ್ತೆ ತುಂಬಬಹುದಾದ ಸ್ಟೀಲ್ ಪಾಡ್ ತರಿಸಿದೆ. ನಮ್ಮ ಮನೆ ಪುಡಿ ತುಂಬಿ ಬಟನ್ ಒತ್ತಿದರೆ ಮಷಿನ್ ಮುಕ್ಕರಿಯಿತೇ ಹೊರತು ಕಾಫಿ ಇಳಿಯಲಿಲ್ಲ. ಚಿಕೋರಿ ಇಲ್ಲದ, ಸ್ವಲ್ಪ ದಪ್ಪ ಪುಡಿ ತಂದು ಹಾಕಿದ ಮೇಲೆ ಇಳಿಯಿತು. ಲೆಕ್ಕ ಅದ್ಭುತ, ಲೋಟಕ್ಕೆ ಏಳು ರೂಪಾಯಿ! ಅಮ್ಮ ಎರಡು ದಿನ ಬಳಸಿ ಹೇಳಿದಳು: "ಇದನ್ನ ತುಂಬಿ, ಒತ್ತಿ, ಬಿಸಿ ಇದ್ದಾಗ ತೆಗ್ದು, ತೊಳ್ದು, ಒಣಗ್ಸಿ ಇಡೋದಕ್ಕಿಂತ ನಮ್ ಫಿಲ್ಟರೇ ವಾಸಿ ಕಣಪ್ಪ."

ಆಮೇಲೆ ಚಿತ್ರದುರ್ಗದ ಪಾತ್ರೆ ಅಂಗಡಿಯಲ್ಲಿ ಅತಿ ಚಿಕ್ಕ ಫಿಲ್ಟರ್ ಹುಡುಕಿ ಕೊಂಡೆ. ಒಬ್ಬರಿಗೆ ಅಂತಲೇ ಮಾಡಿದ್ದು, ಆಟದ ಸಾಮಾನಿನ ಹಾಗೆ ಮುದ್ದಾಗಿತ್ತು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಖುಷಿಪಟ್ಟಳು. "ಚೆನ್ನಾಗೈತೆ. ಆದ್ರೆ ಇದಕ್ಕೂ ನಾನೇ ಪುಡಿ ಹಾಕ್ಬೇಕಲ್ವಾ?" ಅಂದಳು. ಅದು ಈಗ ದೇವರ ಮನೆಯಲ್ಲಿ ಕುಂಕುಮದ ಬಟ್ಟಲ ಪಕ್ಕ ಕೂತಿದೆ.

ಎರಡು ಸಲ ಸೋತ ಮೇಲೆ ಅರ್ಥವಾಯ್ತು. ನಾನು ಕಾಫಿಯ ಬೆಲೆ ಇಳಿಸೋಕೆ ಹೊರಟಿದ್ದೆ. ಅಮ್ಮ ಕೊಳ್ತಿದ್ದಿದ್ದು ಕಾಫಿಯನ್ನಲ್ಲ. ಬಟನ್ ಒತ್ತಿದರೆ ಬೇರೆ ಯಾರೋ ತನಗೆ ಕಾಫಿ ಮಾಡಿಕೊಡ್ತಾರೆ, ಅದು ಒಂದೇ ಲೋಟ ಆಗಿರುತ್ತೆ, ಅದನ್ನು ಯಾರ ಜೊತೆಗೂ ಹಂಚಬೇಕಾಗಿಲ್ಲ. ನಮ್ಮಂಥ ಮನೆಗಳಲ್ಲಿ ಹೆಂಗಸರು ತಮಗೆ ಮಾತ್ರ ಅಂತ ಏನನ್ನೂ ಬೇಯಿಸಲ್ಲ. ಎಲ್ಲರಿಗೂ ಮಾಡಿದ್ದರಲ್ಲಿ ಉಳಿದಿದ್ದು ಅವರದ್ದು. ಅಲ್ಯೂಮಿನಿಯಂ ಬಟ್ಟಲಲ್ಲಿ ಸೀಲ್ ಆಗಿರೋ ಆ 5.5 ಗ್ರಾಂ ಪುಡಿಯಿಂದ ಎರಡನೇ ಲೋಟ ಬರೋಕೆ ಸಾಧ್ಯವೇ ಇಲ್ಲ. ಕಂಪನಿಯವರು ಅದನ್ನು ಏನು ಯೋಚನೆ ಮಾಡಿ ಮಾಡಿದ್ರೋ, ಅಮ್ಮನಿಗೆ ಅದರಲ್ಲಿ ಸಿಕ್ಕಿದ್ದು ಇದು.

ಹಳೇ ಶೀಟ್ ತೆಗೆದು ನೋಡಿದೆ. ಕೂಡೋದು, ಗುಣಿಸೋದು ಎಲ್ಲ ಸರಿಯಾಗೇ ಇತ್ತು. ಪ್ರಶ್ನೆಯೇ ತಪ್ಪು. ನಾಲ್ಕು ಜನ ದಿನಕ್ಕೆ ಎಂಟು ಲೋಟ ಪಾಡ್ ಕಾಫಿ ಕುಡಿತಾರೆ ಅಂತ ಯಾರು ಹೇಳಿದ್ದರು? ಯಾರೂ ಇಲ್ಲ. ಅಪ್ಪ, ಅಜ್ಜಿ ಅದನ್ನು ಮುಟ್ಟೋದೇ ಇಲ್ಲ. ಮಷಿನ್ ದುಡ್ಡು ಆಗಲೇ ಹೋಗಿದೆ. ಇನ್ನು ಉಳಿದಿದ್ದು ಅಮ್ಮ ಒಬ್ಬಳು, ವಾರಕ್ಕೆ ಮೂರು ಲೋಟ. ತಿಂಗಳಿಗೆ ಹನ್ನೆರಡು ಪಾಡ್, 540 ರೂಪಾಯಿ.

ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಅಪ್ಪ ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಟೀ ತರಿಸ್ತಾರೆ. ಹತ್ತು ರೂಪಾಯಿಯಂತೆ, ತಿಂಗಳಿಗೆ 26 ದಿನ, 1,040 ರೂಪಾಯಿ. ಗಿರಾಕಿಗಳಿಗೆ ಕೊಡಿಸೋದು ಬೇರೆ. ಇಷ್ಟು ವರ್ಷದಲ್ಲಿ ಆ ಟೀ ಲೆಕ್ಕವನ್ನು ನಮ್ಮ ಮನೆಯಲ್ಲಿ ಯಾರೂ ಹಾಕಿಲ್ಲ. ಹಾಕಬೇಕು ಅಂತಲೂ ಅಲ್ಲ. ಬೆಳಿಗ್ಗೆಯಿಂದ ನಿಂತು ವ್ಯಾಪಾರ ಮಾಡೋರಿಗೆ ಒಂದು ಟೀ ಬೇಡ್ವಾ? ಬೇಕು. ಅಷ್ಟೇ ನಾನು ಹೇಳಬೇಕಾಗಿದ್ದಿದ್ದು.

ಈ ಸಲ ಗ್ರೂಪಿಗೆ ಹಾಕಲಿಲ್ಲ. ಅಪ್ಪನಿಗೆ ಮಾತ್ರ ಕಳಿಸಿದೆ. ಕಳಿಸುವಾಗ ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ. ನಮ್ಮಪ್ಪ ಕೋಪದವರಲ್ಲ, ಆದರೆ ಅವರ ಖರ್ಚನ್ನು ನಾನು ಲೆಕ್ಕ ಹಾಕಿದ್ದು ಅದೇ ಮೊದಲು. ಅಣ್ಣನಿಗೆ ಬೇರೆಯಾಗಿ ಫೋನ್ ಮಾಡಿ ನಡೆದಿದ್ದೆಲ್ಲ ಹೇಳಿ ಸಾರಿ ಕೇಳಿದೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಲಿಲ್ಲದೆ ಕುಡೀತಾಳಾ?" ಅಂತ ಕೇಳಿದ. ಅಪ್ಪನಿಂದ ಉತ್ತರ ಬರಲಿಲ್ಲ. ಅದರ ಬಗ್ಗೆ ಇವತ್ತಿನವರೆಗೂ ಅವರು ನನ್ನ ಹತ್ರ ಮಾತಾಡಿಲ್ಲ.

ಸಂಕ್ರಾಂತಿಗೆ ಹೋದಾಗ ಕಪಾಟಿನಲ್ಲಿ ಹೊಸ ಡಬ್ಬಿಗಳು ಎರಡು ಇದ್ದವು. ಪಾರ್ಸಲ್ ಕವರ್ ಮೇಲೆ ಅಣ್ಣ ಅಮ್ಮನ ಹೆಸರು ಬರೆಸಿದ್ದ. ನಮ್ಮ ಮನೆಗೆ ಅಮ್ಮನ ಹೆಸರಲ್ಲಿ ಬಂದ ಮೊದಲ ಪಾರ್ಸಲ್ ಅದೇ ಇರಬೇಕು. ಅದನ್ನು ಅಪ್ಪನೇ ಸೈನ್ ಮಾಡಿ ತಗೊಂಡು ಒಳಗೆ ತಂದಿಟ್ಟರಂತೆ. ಬೆಲೆ ಕೇಳಲಿಲ್ಲವಂತೆ.

ರಜೆಯ ಎರಡು ದಿನ ಬೆಳಿಗ್ಗೆ ಐದೂಕಾಲಿಗೆ ನಾನು ಎದ್ದೆ. ಮೊದಲ ದಿನ ಬಿಲ್ಲೆ ಜೋರಾಗಿ ಒತ್ತಿ ಡಿಕಾಕ್ಷನ್ ಇಳಿಯಲೇ ಇಲ್ಲ, ಏಳು ಗಂಟೆಗೆ ಅಜ್ಜಿ ಕೈಯಲ್ಲಿ ಬೈಸಿಕೊಂಡೆ. ಎರಡನೇ ದಿನ ಒತ್ತಿದ್ದು ಕಡಿಮೆಯಾಗಿ ಕಾಫಿ ನೀರಾಯ್ತು. ಅಮ್ಮ ಐದೂಕಾಲಿಗೇ ಎದ್ದು ಬಾಗಿಲಲ್ಲಿ ನಿಂತು ನೋಡ್ತಿದ್ದಳು, ಮಲಗು ಅಂದರೂ ಕೇಳಲಿಲ್ಲ. ಎರಡು ದಿನಕ್ಕೆ ಇಪ್ಪತ್ತು ವರ್ಷದ ಅಭ್ಯಾಸ ಬದಲಾಗಲ್ಲ.

ಆ ಭಾನುವಾರ ಮಧ್ಯಾಹ್ನ ಅಪ್ಪನಿಗೆ ನಿದ್ದೆ ಬರಲಿಲ್ಲವೋ ಏನೋ, ಮೂರು ಗಂಟೆಗೆ ಅಡುಗೆಮನೆಗೆ ಬಂದರು. ಅಮ್ಮ ಆಗಷ್ಟೇ ಬಟನ್ ಒತ್ತಿದ್ದಳು. ಟವೆಲ್ ಇರಲಿಲ್ಲ, ಮಷಿನ್ ಗುರ್ ಅಂತ ಜೋರಾಗೇ ಸದ್ದು ಮಾಡ್ತಿತ್ತು. ಅಪ್ಪ ಸ್ವಲ್ಪ ಹೊತ್ತು ನಿಂತು ನೋಡಿ, ಲೋಟ ಹುಡುಕ್ತಾ, "ನಂಗೂ ಸ್ವಲ್ಪ ಹಾಕು, ನೋಡಣ" ಅಂದರು.

ಅಮ್ಮ ತನ್ನ ಲೋಟ ಕೈಗೆ ತಗೊಂಡಳು.

"ಇದ್ರಲ್ಲಿ ಒಂದೇ ಬರೋದು ಕಣ್ರೀ" ಅಂತ ಹೇಳಿ ಹಿತ್ತಲ ಮೆಟ್ಟಿಲ ಕಡೆ ಹೋದಳು.

ಅಪ್ಪ ನನ್ನ ಮುಖ ನೋಡಿದ್ರು. ನಾನು ಮಷಿನ್ ನೋಡಿದೆ. ಆಮೇಲೆ ಅವರು ಚಪ್ಪಲಿ ಹಾಕ್ಕೊಂಡು ಸರ್ಕಲ್ ಕಡೆ ಟೀ ಕುಡಿಯೋಕೆ ಹೋದರು.